ಸ್ವೀಡನ್ನಿನಲ್ಲಿ ಮರುಭೂಮಿ ತೋರಿಸಲು ಹೋದದ್ದು

ಬುದ್ಧಿವಂತರು ಪ್ರವಾಸಕ್ಕೆ ಜಾಗ ಆರಿಸುವಾಗ ನಕ್ಷೆ ನೋಡುತ್ತಾರೆ, ಹವಾಮಾನ ನೋಡುತ್ತಾರೆ, ಹೆಂಡತಿಯ ಮುಖ ನೋಡುತ್ತಾರೆ. ನಾನು ನನ್ನ ಷಡ್ಡಕನ ಮುಖ ನೋಡಿ ಆರಿಸಿದೆ. ಅದೂ ಫೋನಿನ ಪರದೆಯ ಮೇಲೆ!

ಷಡ್ಡಕ ಪ್ರಕಾಶ, ಅಂದರೆ ನನ್ನ ಹೆಂಡತಿ ವಿನುತಾಳ ಅಕ್ಕ ಸುಮಾಳ ಗಂಡ, ಅರಿಝೋನಾದಲ್ಲಿದ್ದಾನೆ. ಅವನು ಕಳಿಸುವ ಪ್ರತಿ ವಿಡಿಯೋದಲ್ಲೂ ಕೆಂಪು ಮರುಭೂಮಿ, ಅದರ ನಡುವೆ ನೀಲಿ ಸರೋವರ, ನೀರಿನಲ್ಲಿ ದೋಣಿ, ದಡದಲ್ಲಿ ಮನೆಯಷ್ಟು ದೊಡ್ಡ ಕ್ಯಾಂಪಿಂಗ್ ಗಾಡಿ. ಸಾಲದ್ದಕ್ಕೆ ಮರಳುಗುಡ್ಡದ ಮೇಲಿಂದ ಜೀಪು ಹಾರಿಸುತ್ತಾ ಕೇಕೆ ಹಾಕುವ ಷಡ್ಡಕ. ನಾವು ಇತ್ತ ಗೋಥೆನ್‌ಬರ್ಗ್‌ನ ಮಳೆಯಲ್ಲಿ ಕೂತು ಅದಕ್ಕೆಲ್ಲ ಹೆಬ್ಬೆರಳು ಒತ್ತಬೇಕು.

"ಸ್ವೀಡನ್ನಲ್ಲಿ ವೀಕೆಂಡ್ ಏನ್ಮಾಡ್ತೀರಪ್ಪ? ಕತ್ತಲಲ್ಲಿ ಕೂತ್ಕೊಂಡು ಕ್ಯಾಂಡಲ್ ಹಚ್ತೀರಾ?" ಎಂದು ಒಂದು ಭಾನುವಾರ ಕೇಳಿದ.

ನಾವು ಆಗ ನಿಜಕ್ಕೂ ಕ್ಯಾಂಡಲ್ ಹಚ್ಚಿಕೊಂಡು ಕೂತಿದ್ದೆವು. ನನಗೆ ಮೈಯೆಲ್ಲ ಉರಿಯಿತು.

"ನಮ್ಮಲ್ಲೂ ಡೆಸರ್ಟ್ ಇದೆ. ಪಕ್ಕದಲ್ಲೇ ಸಮುದ್ರದಂಥ ಲೇಕ್ ಇದೆ. ಈ ಸಮ್ಮರ್ ಬಾ, ತೋರಿಸ್ತೀನಿ!" ಎಂದೆ.

ಅವನು ಬರುತ್ತೇನೆ ಅಂದುಬಿಟ್ಟ.

ಫೋನಿಟ್ಟ ಮೇಲೆ ವಿನುತಾ ಕೇಳಿದಳು: "ಸ್ವೀಡನ್ನಲ್ಲಿ ಡೆಸರ್ಟ್ ಎಲ್ಲಿದೆ ಶ್ರೀಕಾಂತ?"

"ಹುಡುಕ್ತೀನಿ."

ಈ ಹುಡುಕಾಟಕ್ಕೆ ನನಗೆ ಅರ್ಹತೆ ಇಲ್ಲದಿರಲಿಲ್ಲ. ಲಿಂಡ್‌ಹೋಲ್ಮೆನ್‌ನ ಒಂದು ಆಫೀಸಿನಲ್ಲಿ ನಾನು ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ರಸ್ತೆ ಬಿಟ್ಟು ಓಡಿಸುವವರಿಗಾಗಿ ಕಾರಿನಲ್ಲಿ ಹಿಮ, ಕೆಸರು, ಮರಳು ಎಂಬ ಬಟನ್‌ಗಳಿರುತ್ತವೆ. ಅದರಲ್ಲಿ ಮರಳಿನ ಬಟನ್ ನನ್ನದು! ನಿಜವಾದ ಮರಳನ್ನು ನಾನು ಹತ್ತಿರದಿಂದ ನೋಡಿದ್ದು ಬನಶಂಕರಿಯಲ್ಲಿ, ಪಕ್ಕದ ಸೈಟಿನವರು ಮನೆ ಕಟ್ಟುವಾಗ, ಅಷ್ಟೆ. ಆದರೆ ಈ ವಿವರವನ್ನು ಆಫೀಸಿನಲ್ಲಿ ಯಾರೂ ಕೇಳಿಲ್ಲ.

ಆ ವಸಂತವೆಲ್ಲ ನಾನು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. ಸ್ಕೋನೆಯ ಕಡಲತೀರದಲ್ಲಿ ಮರಳಿತ್ತು, ಸರೋವರವಿರಲಿಲ್ಲ. ಗೋಟ್‌ಲ್ಯಾಂಡ್ ದ್ವೀಪಕ್ಕೆ ಹಡಗು ಹತ್ತಬೇಕು, ಸುಮಕ್ಕನಿಗೆ ಹಡಗೆಂದರೆ ವಾಂತಿ. ಕೊನೆಗೆ ವೇರ್ಮ್‌ಲ್ಯಾಂಡ್‌ನಲ್ಲಿ ಒಂದು ಜಾಗ ಸಿಕ್ಕಿತು. ಮರಳುದಿಬ್ಬಗಳು! ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ವೇನರ್ನ್, ದೇಶದಲ್ಲೇ ದೊಡ್ಡ ಸರೋವರ. ಚಿತ್ರದಲ್ಲಿ ಬಂಗಾರದ ಬಣ್ಣದ ಮರಳಿನ ಇಳಿಜಾರು ಹೊಳೆಯುತ್ತಿತ್ತು. ಚಿತ್ರವನ್ನು ತೀರಾ ಹತ್ತಿರದಿಂದ ಯಾಕೆ ತೆಗೆದಿದ್ದಾರೆ ಎಂದು ನಾನು ಯೋಚಿಸಲಿಲ್ಲ.

ಫೀಕಾ ಎಂಬ ಆಫೀಸಿನ ಕಾಫಿ ವಿರಾಮದಲ್ಲಿ ಸಹೋದ್ಯೋಗಿ ಗುನ್ನಾರನಿಗೆ ತೋರಿಸಿದೆ. ಅವನು ಆ ಕಡೆಯವನೇ.

"ಹೌದು, ಅಲ್ಲಿ ಮರಳಿದೆ. ತುಂಬ ಹಳೇ ಮರಳು," ಎಂದ.

"ಅಲ್ಲಿ ಗಾಡಿ ಓಡಿಸಬಹುದಲ್ಲ?"

ಗುನ್ನಾರ್ ಕಾಫಿ ಲೋಟದೊಳಗೆ ಬಹಳ ಹೊತ್ತು ನೋಡಿದ. "ಇಂಟರೆಸ್ಟಿಂಗ್ ಐಡಿಯಾ," ಎಂದ.

ಸ್ವೀಡನ್ನಿನವರು ಹಾಗೆ ಹೇಳಿದರೆ 'ನಿನಗೇನು ತಲೆ ಕೆಟ್ಟಿದೆಯಾ' ಎಂದರ್ಥ. ಇಷ್ಟು ವರ್ಷ ಇಲ್ಲಿದ್ದೂ ನಾನದನ್ನು ಹೊಗಳಿಕೆ ಎಂದುಕೊಂಡು ಅವನಿಗೆ ಇನ್ನೊಂದು ಬನ್ ತಂದುಕೊಟ್ಟೆ!

ಜುಲೈನಲ್ಲಿ ಷಡ್ಡಕ ದಂಪತಿ ಬಂದಿಳಿದರು. ನಾನು ಬಾಡಿಗೆಗೆ ತಂದಿದ್ದ ಕ್ಯಾಂಪಿಂಗ್ ಗಾಡಿಗೆ ಇಲ್ಲಿ 'ಹೂಸ್‌ಬೀಲ್' ಎನ್ನುತ್ತಾರೆ. ಹೆಸರು ಕೇಳಿ ಷಡ್ಡಕ ಬಿದ್ದು ಬಿದ್ದು ನಕ್ಕ. ಕನ್ನಡ ಬಲ್ಲ ಯಾರಾದರೂ ನಗುವ ಹೆಸರೇ ಅದು, ಆದರೆ ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, "ಚಿಕ್ಕದಾಗಿ ಚೊಕ್ಕವಾಗಿದೆ," ಎಂದಾಗ ಗಾಡಿಗಾದ ಅವಮಾನ ನನಗೇ ಆದಂತಾಯಿತು. ನಾನು, ಅವರಿಬ್ಬರು, ವಿನುತಾ, ಎಂಟನೇ ಕ್ಲಾಸಿನ ಮಗಳು ಅನಘಾ, ಮತ್ತು ಗಾಳಿ ತುಂಬಿಸುವ ಒಂದು ದೋಣಿ. ದಾರಿಯುದ್ದಕ್ಕೂ ನಾನು ಮರುಭೂಮಿಯನ್ನು ಬಣ್ಣಿಸಿದೆ. ವಿನುತಾ ಕಿಟಕಿಯಾಚೆ ನೋಡುತ್ತಿದ್ದಳು.

ಮಧ್ಯಾಹ್ನ ಜಿಪಿಎಸ್ 'ನೀವು ತಲುಪಿದ್ದೀರಿ' ಎಂದಿತು.

ಸುತ್ತ ಕಾಡು. ಎತ್ತ ನೋಡಿದರೂ ಪೈನ್ ಮರ. ಎಲ್ಲರೂ ಇಳಿದರು. ಸೊಳ್ಳೆಗಳು ನಮ್ಮನ್ನು ಮನೆಯವರಂತೆ ಬರಮಾಡಿಕೊಂಡವು.

"ಡೆಸರ್ಟ್ ಎಲ್ಲೋ?" ಎಂದ ಪ್ರಕಾಶ.

"ಕೆಳಗಿದೆ," ಎಂದೆ.

"ಎಷ್ಟು ಕೆಳಗೆ?"

ವಿನುತಾ ಬೂಟಿನ ತುದಿಯಿಂದ ದಾರಿಯ ಬದಿಯನ್ನು ಕೆದಕಿದಳು. ಮರಳು ಕಾಣಿಸಿತು. ಬೆಂಗಳೂರಿನಲ್ಲಿ ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಚಿಕ್ಕಮಕ್ಕಳ ಮೂಗು ಒರೆಸುತ್ತಾಳೆ. ಎಷ್ಟೋ ಕಾಲದ ಮೇಲೆ ಅವಳ ಪಾಠದ ದನಿ ಕೇಳಿತು. "ಹಿಮಯುಗದ ಹಿಮ ಕರಗಿದ ಮೇಲೆ ಗಾಳಿ ಈ ಮರಳನ್ನ ಗುಡ್ಡೆ ಹಾಕ್ತು ಭಾವ. ಆಗ ಇದು ಡೆಸರ್ಟ್ ಥರಾನೇ ಇತ್ತು. ಆಮೇಲೆ ಕಾಡು ಬೆಳೀತು."

"ಯಾವಾಗ?"

"ಕೆಲವು ಸಾವಿರ ವರ್ಷ ಆಯ್ತು."

"ಸ್ವಲ್ಪ ಲೇಟಾಗಿ ಬಂದ್ವಿ ಅನ್ನು," ಎಂದ ಪ್ರಕಾಶ.

ಸುಮಕ್ಕ ನಕ್ಕಳು. ಅನಘಾ ನಕ್ಕಳು. ವಿನುತಾ ಕೂಡ ನಕ್ಕಳು! ಆ ನಗೆಯೇ ನನ್ನ ಬುದ್ಧಿ ಕೆಡಿಸಿದ್ದು. "ಹತ್ತಿ ಎಲ್ಲರೂ," ಎಂದು ಗುಡುಗಿ, ನಾನು ದಾರಿ ಬಿಟ್ಟು ಮರಗಳ ನಡುವೆ ಮರಳು ಕಾಣುತ್ತಿದ್ದ ಒಂದು ಇಳಿಜಾರಿನತ್ತ ಹೂಸ್‌ಬೀಲನ್ನು ತಿರುಗಿಸಿದೆ.

ಒಳಗೆ ಪಾತ್ರೆಗಳು ಉರುಳಿದವು. ಚಟ್ನಿಪುಡಿಯ ಡಬ್ಬ ಸುಮಕ್ಕನ ತಲೆಯ ಮೇಲೆ ತೆರೆದುಕೊಂಡಿತು. ಗಾಡಿ ಮೂರು ಮರಗಳನ್ನು ದಾಟಿ, ನಿಟ್ಟುಸಿರು ಬಿಟ್ಟು, ಹೊಟ್ಟೆಯವರೆಗೆ ಕೂತಿತು. ನಾನು ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಅದು ಇನ್ನಷ್ಟು ಕೂತಿತು. ನಾನು ಬರೆದ ಮರಳಿನ ಬಟನ್ ಆ ಗಾಡಿಯಲ್ಲಿರಲಿಲ್ಲ. ಇದ್ದಿದ್ದರೂ ಏನಾಗುತ್ತಿತ್ತೋ, ಬರೆದವನಿಗೇ ಭರವಸೆಯಿಲ್ಲ.

ಆಗ ನಾಯಿ ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ಕೂಗಲಿಲ್ಲ, ಬೈಯಲಿಲ್ಲ. ನೆಲದಲ್ಲಿ ನಾವು ಮಾಡಿದ ಗಾಯವನ್ನು ನೋಡಿ, ಅನಘಾಳ ಹತ್ತಿರ ಮೆಲ್ಲಗೆ ಸ್ವೀಡಿಷ್‌ನಲ್ಲಿ ಬಹಳ ಹೊತ್ತು ಮಾತಾಡಿದರು.

"ಏನಂತೆ?" ಎಂದೆ.

"ಇಲ್ಲಿ ಡ್ರೈವ್ ಮಾಡಂಗಿಲ್ವಂತೆ."

"ಇಲ್ಲಿ ಮಾತ್ರಾನಾ?"

"ಇಡೀ ಸ್ವೀಡನ್ನಲ್ಲಿ, ಪಪ್ಪಾ. ಸ್ನೋ ಇಲ್ದಿದ್ರೆ ರೋಡ್ ಬಿಟ್ಟು ಓಡ್ಸೋದು ಲಾ ಪ್ರಕಾರ ತಪ್ಪು. ಎಲ್ರಿಗೂ ಗೊತ್ತು. ಇಟ್ಸ್ ಸೋ ಪಿನ್‌ಸಾಮ್ಟ್!"

ಪಿನ್‌ಸಾಮ್ಟ್ ಎಂದರೆ ನಾಚಿಕೆಗೇಡು. ನಾನು ಆ ದೇಶದಲ್ಲೇ ಕೂತು, ರಸ್ತೆ ಬಿಟ್ಟು ಓಡಿಸುವ ಬಟನ್ ಬರೆದು ಸಂಬಳ ಎಣಿಸುವವನು!

"ನಿಮ್ಮ ಪಪ್ಪನ ಕೆಲಸ ಏನೂಂತ ಕೇಳಿದ್ರು," ಎಂದಳು ಅನಘಾ. "ನಾನು ಡೆಂಟಿಸ್ಟ್ ಅಂದೆ."

ವಿನುತಾ ಆಗಲೇ ಮೊಣಕಾಲೂರಿ ಕೂತು, ಚಕ್ರಕ್ಕೆ ಸಿಕ್ಕ ಬೂದುಬಣ್ಣದ ಹಾಸನ್ನು ಮುಟ್ಟಿ ನೋಡುತ್ತಿದ್ದಳು.

"ಇದು ಕಲ್ಲುಹೂವಲ್ವೇನೆ? ಮಸಾಲೆಗೆ ಹಾಕ್ತೀವಲ್ಲ," ಎಂದಳು ಸುಮಕ್ಕ, ಕೂದಲಿನಿಂದ ಚಟ್ನಿಪುಡಿ ಕೊಡವುತ್ತಾ.

"ಅದೇ ಜಾತಿ ಅಕ್ಕ. ಬೆರಳಷ್ಟು ಬೆಳೆಯೋಕೆ ಎಷ್ಟೋ ವರ್ಷ ಬೇಕು," ಎಂದಳು ವಿನುತಾ. ನನ್ನ ಕಡೆ ನೋಡಲಿಲ್ಲ. ಅಜ್ಜಿಯ ಯಜಮಾನರು ಟ್ರ್ಯಾಕ್ಟರ್ ತಂದು ನಮ್ಮನ್ನು ಎಳೆದು ದಾರಿಗೆ ಹಾಕಿದರು. ಅಜ್ಜಿ ನಾವು ಹೊರಡುವ ಮುಂಚೆ, ಬೇಸರಪಟ್ಟುಕೊಂಡೇ, ಪೊಲೀಸರಿಗೆ ತಿಳಿಸುವುದು ತಮ್ಮ ಕರ್ತವ್ಯ ಎಂದರು. ಜೊತೆಗೆ ಒಂದು ಡಬ್ಬಿ ಬ್ಲೂಬೆರಿಯನ್ನೂ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುಭೂಮಿ ಕೈಕೊಟ್ಟರೇನಂತೆ, ಸರೋವರ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ! ಮರುದಿನ ಬೆಳಿಗ್ಗೆ ವೇನರ್ನ್ ದಡದಲ್ಲಿ ದೋಣಿಗೆ ಗಾಳಿ ತುಂಬಿಸಿದೆ. ಹೆಂಗಸರು ಯಾರೂ ಹತ್ತಲಿಲ್ಲ. ಪ್ರಕಾಶ ಹತ್ತಿದ. "ನಾನು ಓಡಿಸ್ಲಾ? ನಂಗೆ ಅಭ್ಯಾಸ ಇದೆ," ಎಂದ. ಆ ಒಂದು ಮಾತಿಗಾಗಿಯೇ ನಾನು ಚುಕ್ಕಾಣಿ ಬಿಡಲಿಲ್ಲ.

ಎಲೆಕ್ಟ್ರಿಕ್ ಮೋಟಾರು ಸೊಗಸಾಗಿ ಓಡಿತು. ದಡ ಸಣ್ಣದಾಗುವ ತನಕ ಓಡಿ, ಆಮೇಲೆ ನಿಂತಿತು. ರಾತ್ರಿಯೆಲ್ಲ ಬ್ಯಾಟರಿಯನ್ನು ಚಾರ್ಜಿಗಿಟ್ಟಿದ್ದೆ. ಸ್ವಿಚ್ ಹಾಕಿರಲಿಲ್ಲ!

ಗಾಳಿ ನಮ್ಮನ್ನು ಒಂದು ಪುಟ್ಟ ನಡುಗಡ್ಡೆಯತ್ತ ತಳ್ಳಿತು. ಅಲ್ಲೊಂದು ಹಳದಿ ಫಲಕ. ಪಕ್ಷಿಗಳು ಮರಿ ಮಾಡುವ ಕಾಲ, ಹತ್ತಿರ ಸುಳಿಯಬಾರದು ಎಂದಿತ್ತು. ನಾವು ಓದಿ ಮುಗಿಸುವ ಮೊದಲೇ ಪಕ್ಷಿಗಳು ಅದನ್ನು ಖುದ್ದಾಗಿ ತಿಳಿಸಲು ಬಂದವು. ಒಂದು ನನ್ನ ತಲೆ ಕುಕ್ಕಿತು. ಇನ್ನೊಂದು ಷಡ್ಡಕನ ಅರಿಝೋನಾ ಟೋಪಿಯ ಮೇಲೆ ಹೇತಿತು. ಇಬ್ಬರೂ ಸಿಕ್ಕಿದ ಹುಟ್ಟು ಹಿಡಿದು ಹುಚ್ಚರಂತೆ ನೀರು ಬಡಿದು, ಅಂತೂ ಹಕ್ಕಿಗಳಿಂದ ದೂರ ಬಂದು, ಗಾಳಿಗೆದುರಾಗಿ ದಡದವರೆಗೆ ಹುಟ್ಟು ಹಾಕಲಾರದೆ ತೇಲುತ್ತಾ ಕೂತೆವು.

ಪ್ರಕಾಶ ಟೋಪಿ ತೊಳೆಯುತ್ತಾ ಹೇಳಿದ: "ಆ ಗಾಡಿ, ಬೋಟು, ಜೀಪು ಒಂದೂ ನನ್ನದಲ್ಲ ಕಣೋ. ಆಫೀಸಿನ ಬಾಸ್‌ದು. ವರ್ಷಕ್ಕೊಂದ್ಸಲ ಕರೀತಾನೆ. ಒಂದೇ ದಿನ ತೆಗ್ದ ವಿಡಿಯೋನ ತುಂಡು ತುಂಡು ಮಾಡಿ ಕಳಿಸ್ತಿದ್ದೆ."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇವನ ಬಾಸ್ ಜೊತೆ ಪೈಪೋಟಿಗೆ ಬಿದ್ದು ನಾನು ಪೊಲೀಸ್ ದೂರಿಗೆ ಗುರಿಯಾಗಿದ್ದೆ!

"ಅದಿರಲಿ," ಎಂದ. "ವಿನುತಾ ಯೋನ್‌ಶೋಪಿಂಗ್‌ಗೆ ಹೋದ್ಮೇಲೆ ನೀನು, ಅನಘಾ ಹೇಗೆ ಮ್ಯಾನೇಜ್ ಮಾಡ್ತೀರಾ?"

"ಎಲ್ಲಿಗೆ?"

ಅವನ ಕೈ ನಿಂತಿತು. "ಸೈನ್ಸ್ ಟೀಚರ್ ಆಗೋ ಕೋರ್ಸಿಗೆ ಸೀಟ್ ಸಿಕ್ಕಿದೆಯಲ್ಲ. ರೂಮೂ ನೋಡಿದ್ದಾಳಂತೆ. ಸುಮಾ ಹೇಳಿದ್ಲು... ನಿಂಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು," ಎಂದೆ. ದೋಣಿಯಲ್ಲಿ ಎದ್ದುಹೋಗಲು ಬೇರೆ ಕೋಣೆ ಇರುವುದಿಲ್ಲ.

ಕೊನೆಗೆ ನಿವೃತ್ತ ದಂಪತಿಯೊಬ್ಬರು ತಮ್ಮ ದೋಣಿಗೆ ನಮ್ಮದನ್ನು ಕಟ್ಟಿ ದಡ ಮುಟ್ಟಿಸಿದರು. ವಿನುತಾ ಟವೆಲ್ ಹಿಡಿದು ನಿಂತಿದ್ದಳು.

"ಯೋನ್‌ಶೋಪಿಂಗ್ ವಿಷಯ ನಂಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ದೆ. ಅಪ್ಲೈ ಮಾಡ್ದಾಗ ಹೇಳ್ದೆ. ನೀನು 'ಅಲ್ಲಿ ಮರಳಿದೆಯಾ' ಅಂದೆ. ಸೀಟ್ ಸಿಕ್ದಾಗ ಹೇಳ್ದೆ. ನೀನು ದೋಣಿ ರಿವ್ಯೂ ಓದ್ತಾ 'ಸೂಪರ್' ಅಂದೆ. ಆ ಸೂಪರ್ ನಂಗೇ ಅಂದ್ಕೊಂಡು ಇಡೀ ಸಾಯಂಕಾಲ ಖುಷಿಯಾಗಿದ್ದೆ ಶ್ರೀಕಾಂತ."

ಅವಳು ಕೂಗಾಡಲಿಲ್ಲ. ಅವಳೂ ಆ ಅಜ್ಜಿಯ ಹಾಗಾಗಿಬಿಟ್ಟಿದ್ದಳು. ಟವೆಲ್ ಕೈಗಿತ್ತು ಹೋದಳು. ನಾನು ಒರೆಸಿಕೊಳ್ಳುತ್ತಾ ನಿಂತೆ. ಎಷ್ಟು ಒರೆಸಿದರೂ ಮುಖ ಒದ್ದೆಯಾಗೇ ಇತ್ತು. ವೇನರ್ನ್ ಬಹಳ ದೊಡ್ಡ ಸರೋವರ.

ಆಗಸ್ಟಿನಲ್ಲಿ ಅವಳು ಹೋದಳು. ಶುಕ್ರವಾರ ಬರುವುದು, ಭಾನುವಾರ ಹೋಗುವುದು. ಬಂದಾಗ ಅನಘಾಳ ಜೊತೆ ಸ್ವೀಡಿಷ್‌ನಲ್ಲಿ ಹೋಮ್‌ವರ್ಕ್ ಮಾಡುತ್ತಾಳೆ, ಇಬ್ಬರೂ ಏನಕ್ಕೋ ನಗುತ್ತಾರೆ. ನಾನು ಹತ್ತಿರ ಹೋದರೆ ಪಾಪ, ಸೌಜನ್ಯಕ್ಕೆ ಇಂಗ್ಲಿಷಿಗೆ ಬರುತ್ತಾರೆ.

ಅವಳಿಗೆ ಪರೀಕ್ಷೆಯಿದ್ದುದರಿಂದ ಒಂದು ಶುಕ್ರವಾರ ಬರಲಾಗಲಿಲ್ಲ. ಶನಿವಾರ ಅನಘಾ ಗೆಳತಿಯ ಮನೆಗೆ ಹೋಗಿದ್ದಳು. ನಾನು ಚಿತ್ರಾನ್ನ ಮಾಡಿದೆ. ನಾನೇ ಮಾಡಿದೆ! "ಬರ್ಲಾ?" ಎಂದು ಫೋನಿನಲ್ಲಿ ಕೇಳಿದೆ. "ಬಾ. ನಾನೇ ಬಸ್ ಸ್ಟ್ಯಾಂಡಿಗೆ ಬರ್ತೀನಿ," ಎಂದಳು. ದನಿಯಲ್ಲಿ ಏನೋ ಇತ್ತು, ಬಹಳ ದಿನದಿಂದ ಇಲ್ಲದಿದ್ದುದು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಅವಳಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿದೆ. ಈ ಸಲ ನಾನು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತೇನೆ ಎಂದು ಹೇಳುವುದಿತ್ತು. ಜೋಡಿಸುತ್ತಾ ಜೋಡಿಸುತ್ತಾ ನಿದ್ದೆ ಬಂತು.

ಡ್ರೈವರ್ ಏನೋ ಕೂಗಿದ. ಕೊನೆಯ 'ಶೋಪಿಂಗ್' ಮಾತ್ರ ಕಿವಿಗೆ ಬಿತ್ತು. ದಡಬಡಿಸಿ ಇಳಿದೆ. ಬಸ್ಸು ಹೋಯಿತು. ವಿನುತಾ ಕಾಣಲಿಲ್ಲ. ತಲೆಯೆತ್ತಿ ಫಲಕ ನೋಡಿದೆ. ಲಿನ್‌ಶೋಪಿಂಗ್!

ಇನ್ನೊಂದು ಊರು. ಅವಳ ಊರು ದಾಟಿ ಗಂಟೆಗೂ ಮೇಲಾಗಿತ್ತು.

ನಿದ್ದೆಯಲ್ಲಿ ಕೇಳಿಸದೆ ಹೋದ ಅವಳ ಕರೆಗಳು ಫೋನಿನಲ್ಲಿ ಸಾಲಾಗಿದ್ದವು. ಫೋನ್ ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಹಿನ್ನೆಲೆಯಲ್ಲಿ ಬೇರೆ ಬಸ್ಸುಗಳ ಸದ್ದು ಬರುತ್ತಿತ್ತು. ಅವಳಿನ್ನೂ ನಿಲ್ದಾಣದಲ್ಲೇ ಇದ್ದಳು.

"ಅಲ್ಲೂ ಹತ್ರದಲ್ಲೇ ಒಂದು ಲೇಕ್ ಇದೆಯಂತೆ," ಎಂದಳು. "ನೋಡ್ಕೊಂಡು ಬಾ."

ನಾನು ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆರೆದೆ. ಚಮಚ ತಂದಿರಲಿಲ್ಲ.