ಪೀಪಿ ಸಂಘದವರ ಗಾಬರಿ

ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತೆ, ಕೆಲವರ ಮನೆಯಲ್ಲಿ ಗೋಡೆ ಬಿರುಕು ಬಿಡುತ್ತೆ. ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ನಡೆಯುತ್ತಲೇ ಇರುತ್ತೆ. ನಲ್ಲಿಯಾದರೆ ಪ್ಲಂಬರನ್ನು ಕರೆಸಬಹುದು. ಇದಕ್ಕೆ ಯಾರನ್ನು ಕರೆಸೋದು?

ನಮ್ಮ ಮನೆಯವರಿಗೆ ಯಶವಂತಪುರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ. ನನ್ನನ್ನು ಮದುವೆಯಾಗುವುದಕ್ಕೆ ಮುಂಚೆಯೇ ಸಿಗರೇಟಿನ ಜೊತೆ ಸಂಸಾರ ಮಾಡುತ್ತಿದ್ದವರು. ಒಮ್ಮೆ ನೆಂಟರ ಮದುವೆಯಲ್ಲಿ, ಸರಿಯಾಗಿ ಮುಹೂರ್ತದ ಹೊತ್ತಿಗೆ, ಇವರಿಗೆ ಕೆಮ್ಮು ಹತ್ತಿತು. ಎಂಥ ಕೆಮ್ಮು ಅಂದರೆ, ಗಟ್ಟಿಮೇಳ ಬಾರಿಸುತ್ತಿದ್ದ ಡೋಲಿನವನು ಕೈ ನಿಲ್ಲಿಸಿ ತಿರುಗಿ ನೋಡಿದ. ಮನೆಗೆ ಬಂದಮೇಲೆ ನಾನೂ ನಮ್ಮತ್ತೆಯೂ ಸೇರಿ ಅತ್ತು ರಂಪ ಮಾಡಿದೆವು. ಪುಣ್ಯಾತ್ಮರು ಸಿಗರೇಟು ಬಿಟ್ಟರು. ಅದರ ಜಾಗಕ್ಕೆ, ಮೊಬೈಲಿನ ಹಾಗೆ ಚಾರ್ಜ್ ಮಾಡುವ ಒಂದು ಕೊಳವೆ ಬಂತು. ಪುಟ್ಟ ಸೀಸೆಯಿಂದ ಅದಕ್ಕೆ ಲಿಕ್ವಿಡ್ ತುಂಬಬೇಕು, ಬಾಯಿಗಿಟ್ಟು ಎಳೆಯಬೇಕು, ಮೋಡದಂತೆ ಆವಿ ಬಿಡಬೇಕು. ಇ-ಸಿಗರೇಟು ಅಂತ ಅದರ ಹೆಸರು. ನಮ್ಮತ್ತೆ ಅದನ್ನು 'ಪೀಪಿ' ಅಂದರು, ಅದೇ ನಿಂತಿತು. ಆಗಿನ್ನೂ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿರಲಿಲ್ಲ.

ಸಂಜೆ ಅಲ್ಲಾಳಸಂದ್ರ ಕೆರೆಯ ಹತ್ತಿರ ವಾಕಿಂಗಿಗೆ ಹೋದಾಗ ಇವರಿಗೆ ಇನ್ನಿಬ್ಬರು ಪೀಪಿಯವರು ಗಂಟುಬಿದ್ದರು. ಒಬ್ಬರು ಆರ್.ಟಿ. ನಗರದಲ್ಲಿ ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಸಾಹೇಬ್ರು. ಇನ್ನೊಬ್ಬರು ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಮೂವರೂ ಸಿಗರೇಟು ಬಿಟ್ಟವರೇ. ವಾಕಿಂಗ್ ನಿಂತು, ಕಲ್ಲುಬೆಂಚಿನ ಮೇಲೆ ಕೂತು ಮೋಡ ಬಿಡುವುದು ಶುರುವಾಯಿತು.

ಸೀಕರಣೆ

ಲಿಕ್ವಿಡ್ಡಿನಲ್ಲಿ ನಾನಾ ಪರಿಮಳ ಸಿಗುತ್ತೆ. ನಮ್ಮವರದು ಮಾವಿನಹಣ್ಣು. ಕೊರೆಯುವ ಚಳಿಗಾಲದಲ್ಲೂ ನಮ್ಮ ಬಾಲ್ಕನಿಯಿಂದ ರಸಪುರಿ ಘಮಘಮ.

ಪಕ್ಕದ ಮನೆ ಆಂಟಿಯ ಮೂಗು ಬಲು ಚುರುಕು. "ಏನ್ರೀ, ಸೀಕರಣೆ ಮಾಡಿದ್ರಾ?" ಅಂತ ಕಾಂಪೌಂಡಿನ ಮೇಲಿಂದ ಕೇಳಿದರು. ಇಲ್ಲ ಅಂದೆ. ಮಾರನೇ ದಿನವೂ ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು, ಮಾತೂ ಬಿಟ್ಟರು. ಕಾಲವಲ್ಲದ ಕಾಲದಲ್ಲಿ ಹಣ್ಣು ತರಿಸಿಕೊಂಡು ಬಾಗಿಲು ಹಾಕಿಕೊಂಡು ತಿನ್ನುತ್ತೇವೆ, ಅಕ್ಕಪಕ್ಕದವರಿಗೆ ಒಂದು ಹೋಳೂ ಕೊಡುವುದಿಲ್ಲ ಅಂತ ಬೀದಿಯಲ್ಲೆಲ್ಲ ಸುದ್ದಿ ಆಯಿತು.

ಕೊನೆಗೆ ನಾನೇ ಹೋಗಿ ಹೇಳಿದೆ. "ತಿನ್ನೋದಲ್ಲಾ ರೀ, ನಮ್ಮ ಮನೆಯವರು ಅದನ್ನ ಸೇದ್ತಾರೆ."

ಆಂಟಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಹಣ್ಣನ್ನೂ ಸೇದೋಕೆ ಶುರು ಮಾಡಿದ್ರಾ? ದಯವಿಟ್ಟು ನಮ್ಮವರ ಕಿವಿಗೆ ಹಾಕ್ಬೇಡಿ ಕಣ್ರೀ. ಅವರು ಹಣ್ಣೊಂದನ್ನಾದ್ರೂ ತಿನ್ಕೊಂಡಿದ್ದಾರೆ!"

ಯಾವ ದೇಶದ ಸುದ್ದಿ?

ಹೀಗೆ ನೆಮ್ಮದಿಯಾಗಿರುವಾಗ ಒಂದು ಸಂಜೆ ಟೀವಿಯಲ್ಲಿ ಕೆಂಪು ಅಕ್ಷರ ಬಂತು. ತಲೆಬುರುಡೆ, ಸೀಸೆ, ಡಬ್ ಡಬ್ ಅಂತ ಎದೆ ಬಡಿದ ಸದ್ದು. "ನೀವು ಎಳೀತಿರೋದು ಆವಿನಾ? ಸಾವಾ?" ಅಂತ ನಿರೂಪಕ ಕಿರುಚಿದ. ವಿದೇಶದಲ್ಲಿ ಪೀಪಿ ಸೇದಿದವರು ಆಸ್ಪತ್ರೆ ಸೇರುತ್ತಿದ್ದಾರಂತೆ, ಲಿಕ್ವಿಡ್ಡಿನಲ್ಲೇ ಏನೋ ಇದೆಯಂತೆ. ಏನಿದೆ ಅನ್ನುವುದನ್ನು ಮಾತ್ರ 'ವಿರಾಮದ ನಂತರ' ಅಂದ. ವಿರಾಮದ ನಂತರ ಮತ್ತೆ ತಲೆಬುರುಡೆಯೇ ಬಂತು.

ನಮ್ಮವರು ಕೈಲಿದ್ದ ಪೀಪಿಯನ್ನು ಚೇಳು ಬಿಟ್ಟ ಹಾಗೆ ಸ್ಟೂಲಿನ ಮೇಲೆ ಬಿಟ್ಟರು. ಬಾಲ್ಕನಿಗೆ ಹೋದರು. ಅಡುಗೆಮನೆಗೆ ಬಂದರು. ಸೀಸೆಯ ಚೀಟಿ ಓದೋಣ ಅಂತ ಕನ್ನಡಕ ಹಾಕಿದರು. ಇದ್ದದ್ದೆಲ್ಲ ಚೀನೀ ಅಕ್ಷರ. ಬೇರೆ ಚಾನೆಲ್ ಹಾಕಿದರೆ ಅಲ್ಲಿ, ಪೀಪಿ ಜೇಬಿನಲ್ಲೇ ಸಿಡಿಯುತ್ತೆ ಅಂತ ತೋರಿಸುತ್ತಿದ್ದರು. ಸ್ಟೂಲಿನ ಮೇಲಿದ್ದದ್ದನ್ನು ಇಕ್ಕಳದಲ್ಲಿ ಹಿಡಿದು ತುಳಸಿಕಟ್ಟೆ ಪಕ್ಕ ಇಟ್ಟು ಬಂದರು. ನನಗೆ ನಗುವೂ ಬಂತು, ಯೋಚನೆಯೂ ಹತ್ತಿತು. ಇದನ್ನು ಎಸೆದರೆ ಇವರು ಮತ್ತೆ ಸಿಗರೇಟಿಗೆ ಹೋಗುತ್ತಾರೆ. ಎಸೆಯದಿದ್ದರೆ ಆ ಸೀಸೆಯಲ್ಲಿ ಏನಿದೆಯೋ, ಯಾರಿಗೆ ಗೊತ್ತು?

ಮಿಕ್ಕಿಬ್ಬರೂ ನಮ್ಮ ಮನೆಗೆ ಓಡಿ ಬಂದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ಅದರಲ್ಲಿ ಎಣ್ಣೆ ಸೇರಿಸ್ತಾರಂತೆ. ಶ್ವಾಸಕೋಶದಲ್ಲಿ ಜಿಡ್ಡು ಕಟ್ಟುತ್ತಂತೆ!"

ನಮ್ಮತ್ತೆ ಬತ್ತಿ ಹೊಸೆಯುತ್ತಾ ಕೇಳಿದರು, "ಯಾವ ಎಣ್ಣೆಯಪ್ಪಾ? ಕೊಬ್ರಿ ಎಣ್ಣೆನಾ, ಕಡ್ಲೆಕಾಯಿ ಎಣ್ಣೆನಾ?"

ಧೈರ್ಯವಾಗಿದ್ದವರು ಸಾಹೇಬ್ರು ಒಬ್ಬರೇ. ಕಾಫಿ ಹೀರಿ, ಲೋಟ ಕೆಳಗಿಟ್ಟು, ಸಮಾಧಾನವಾಗಿ ಅಂದರು. "ಅರೇ, ಯಾಕ್ರೀ ಹೆದರ್ತೀರಾ? ಸುದ್ದಿ ಅಮೆರಿಕಾದ್ದು. ನಮ್ಮದು ಚೀನಾ ಮಾಲು!"

ಸ್ಯಾಂಪಲ್ಲು

ಆ ಧೈರ್ಯ ಬೆಳಗಿನವರೆಗೆ ಇತ್ತು. ಬೆಳಗ್ಗೆ ಸಾಹೇಬ್ರೇ ಫೋನ್ ಮಾಡಿ, "ಯಾವುದಕ್ಕೂ ಒಂದ್ಸಲ ಟೆಸ್ಟ್ ಮಾಡಿಸಿಬಿಡೋಣ" ಅಂದರು. ಇವರ ಆಫೀಸಿನ ಹತ್ತಿರವೇ ಒಂದು ಲ್ಯಾಬ್ ಇತ್ತು. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್. ಲ್ಯಾಬ್ ಅಂದರೆ ಲ್ಯಾಬ್, ಎಲ್ಲ ನೋಡುತ್ತಾರೆ ಅನ್ನುವುದು ನಮ್ಮವರ ಲೆಕ್ಕ. ಹಳದಿ ಬಣ್ಣದ ಆ ಲಿಕ್ವಿಡ್ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಕೌಂಟರಿನ ಮೇಲಿಟ್ಟರು. ನಾನೂ ಜೊತೆಗಿದ್ದೆ, ನನ್ನ ಗ್ರಹಚಾರ.

ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು. "ಖಾಲಿ ಹೊಟ್ಟೇದಾ ಸರ್, ಊಟ ಆದ್ಮೇಲಿಂದಾ?"

"ಹೆಚ್ಚಾಗಿ ಊಟ ಆದ್ಮೇಲೇನೇ."

"ತುಂಬಾ ಕಮ್ಮಿ ಇದೆಯಲ್ಲ ಸರ್."

"ಅಷ್ಟೇ ಉಳಿದಿರೋದಮ್ಮ. ಮಿಕ್ಕಿದ್ದನ್ನ ವಾರದಿಂದ ನಾನೇ ಸೇದಿ ಮುಗಿಸಿದೀನಿ."

ಹುಡುಗಿ ತಲೆ ಎತ್ತಿದಳು. ಸೀಸೆ ನೋಡಿದಳು, ಇವರನ್ನು ನೋಡಿದಳು, ನನ್ನನ್ನು ನೋಡಿದಳು. ಇವರು ಅವಳಿಗೆ ನಂಬಿಕೆ ಬರಲಿ ಅಂತ, "ಬೇಕಾದ್ರೆ ಮೂಸಿ ನೋಡಮ್ಮ, ಮಾವಿನಹಣ್ಣಿನ ವಾಸನೆ ಇದೆ" ಅಂತ ಮುಚ್ಚಳ ತೆಗೆದರು.

ಹುಡುಗಿ ಕುರ್ಚಿಯನ್ನು ಸರ್ರನೆ ಹಿಂದಕ್ಕೆ ಸರಿಸಿ ಒಳಗೆ ಕೂಗಿದಳು. "ಸಾರ್, ಬೇಗ ಬನ್ನಿ! ಇವರಿಗೆ ಟೆಸ್ಟು ಬೇಡ, ನೇರ ಅಡ್ಮಿಟ್ ಮಾಡ್ಬೇಕು!"

ಉಸಿರು ಬಿಡಿ

ಆಮೇಲೆ ನಾನೇ ಹಟ ಹಿಡಿದು ಯಲಹಂಕದ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಕಾಯುವಾಗ ನಮ್ಮವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಡಾಕ್ಟರು ಏನನ್ನುತ್ತಾರೋ ಅನ್ನುವ ಭಯ. ಭಯವಾದರೆ ಇವರಿಗೆ ಪೀಪಿ ಬೇಕು. ಪೀಪಿ ಎಳೆದರೆ ಇನ್ನೂ ಭಯ. ಮೆಟ್ಟಿಲ ಹತ್ತಿರ ಮರೆಗೆ ಹೋಗಿ ಒಂದು ದಮ್ಮು ಎಳೆದಿದ್ದಾರೆ, ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಬಿಡುವುದಕ್ಕೆ ಪುರುಸೊತ್ತಿಲ್ಲ. ಬಾಯಿ ಬಿಗಿ ಮಾಡಿಕೊಂಡೇ ಒಳಗೆ ನಡೆದರು.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟರು. "ಜೋರಾಗಿ ಉಸಿರು ಎಳ್ಕೊಳ್ಳಿ."

ಎಳೆದುಕೊಳ್ಳುವುದಕ್ಕೆ ಒಳಗೆ ಜಾಗ ಎಲ್ಲಿದೆ? ಇವರು ಕಣ್ಣು ಬಿಟ್ಟುಕೊಂಡು ಬರೀ ತಲೆ ಆಡಿಸಿದರು.

"ಯಾಕ್ರೀ, ಎಳ್ಕೊಳ್ಳೋಕೆ ಆಗ್ತಿಲ್ವಾ?" ಡಾಕ್ಟರಿಗೆ ಗಾಬರಿಯಾಯಿತು. "ಹೋಗ್ಲಿ, ಬಿಡಿ, ಬಿಡಿ!"

ಬಿಟ್ಟರು. ಡಾಕ್ಟರ ಕನ್ನಡಕ ಮಂಜಾಯಿತು, ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರ ಮರೆಯಾಯಿತು, ರೂಮಿನ ತುಂಬ ರಸಪುರಿ. ನಾನು ಸೀರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಡಾಕ್ಟರು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಎದೆಗೆ ಕಿವಿಗೊಟ್ಟು ಬೆನ್ನು ತಟ್ಟಿದರು. "ಸಿಗರೇಟ್ ಬಿಟ್ಟಿದ್ದು ಒಳ್ಳೇದಾಯ್ತು. ಇದರಲ್ಲಿ ಏನೇನಿದೆ ಅಂತ ನನಗೂ ಪೂರ್ತಿ ಗೊತ್ತಿಲ್ಲ, ಆ ಟೀವಿಯವರಿಗೂ ಗೊತ್ತಿಲ್ಲ. ಅದಕ್ಕೇ ಇದನ್ನೂ ಬಿಟ್ಟುಬಿಡಿ. ಸದ್ಯಕ್ಕೆ ನಿಮ್ಮೆದೆ ಕ್ಲಿಯರ್ ಆಗಿದೆ." ಆಮೇಲೆ ನನ್ನ ಕಡೆ ತಿರುಗಿದರು. "ಕಿಟಕಿ ತೆಗೀರಮ್ಮ, ನನ್ನ ರೂಮೂ ಕ್ಲಿಯರ್ ಆಗ್ಲಿ."

ಆನ್ ಯುವರ್ ಮಾರ್ಕ್

ಇದು ಪಿ.ಟಿ. ಮೇಷ್ಟ್ರೇ ತಲೆ ತಗ್ಗಿಸಿಕೊಂಡು ಹೇಳಿದ್ದು. ಟೀವಿ ಸುದ್ದಿ ಬಂದಮೇಲೆ ಅವರಿಗೆ ಪೀಪಿಯನ್ನು ಮನೆಯಲ್ಲಿಡುವುದಕ್ಕೂ ಹೆದರಿಕೆ, ಜೊತೆಯಲ್ಲಿಡುವುದಕ್ಕೂ ಹೆದರಿಕೆ. ಜೇಬಿನಲ್ಲಿ ಸಿಡಿದರೆ ಅಂತ ಶಾಲೆಯಲ್ಲೂ ಕೈಯಲ್ಲೇ ಮುಚ್ಚಿ ಹಿಡಿದುಕೊಂಡು ಓಡಾಡುತ್ತಿದ್ದರು.

ಕ್ರೀಡಾಕೂಟದ ದಿನ ಮಕ್ಕಳು ಸಾಲಾಗಿ ಗೆರೆಯ ಮೇಲೆ ಕೈಯೂರಿ ಕೂತಿದ್ದಾರೆ. ಹೆಡ್‌ಮಾಸ್ಟರು ಕುರ್ಚಿ ಹಾಕಿಸಿಕೊಂಡು ಎದುರಿಗೇ ಇದ್ದಾರೆ. ಮೇಷ್ಟ್ರು "ಆನ್ ಯುವರ್ ಮಾರ್ಕ್, ಗೆಟ್ ಸೆಟ್" ಅಂದು ವಿಶಿಲ್ ಬಾಯಿಗಿಟ್ಟರು. ಅದು ವಿಶಿಲ್ ಆಗಿರಲಿಲ್ಲ. ತುಟಿಗೆ ತಾಕಿದ್ದೇ ತಡ, ಅಭ್ಯಾಸಬಲ, ಎಳೆದೇಬಿಟ್ಟರು. ಎಳೆದಮೇಲೆ ಬಿಡಲೇಬೇಕಲ್ಲ, ಬಿಟ್ಟರು. ಮೈದಾನದ ಮೇಲೆ ಪುಸ್ಸನೆ ಬಿಳೀ ಮೋಡ.

ಮಕ್ಕಳು ಯೋಚನೆಯನ್ನೇ ಮಾಡಲಿಲ್ಲ. ಹೊಗೆ ಕಂಡಿತು, ಓಡಿದರು.

ಮೇಷ್ಟ್ರು ತಮ್ಮ ಕೆಲಸ ಹೋಯಿತು ಅಂತ ಹಾಗೇ ಕಲ್ಲಾಗಿ ನಿಂತಿದ್ದರಂತೆ. ಹೆಡ್‌ಮಾಸ್ಟರು ಎದ್ದು ಬಂದು ಕೈ ಕುಲುಕಿದರು. "ಭೇಷ್! ಪಿಸ್ತೂಲಾದ್ರೆ ಸದ್ದಿಗೆ ಚಿಕ್ಕ ಮಕ್ಕಳು ಹೆದರ್ತವೆ. ಇದು ಎಷ್ಟೋ ವಾಸಿ. ಎಲ್ಲಿ ಸಿಗುತ್ರೀ, ಶಾಲೆಗೂ ಒಂದು ತರಿಸೋಣ?"

ಹೊಗೆ ಗ್ಯಾಂಗ್

ನಮ್ಮವರು ಕೊನೆಗೆ ಪೀಪಿಯನ್ನೂ ಬಿಟ್ಟರು. ಡಾಕ್ಟರು ಹೇಳಿದ್ದಕ್ಕೂ ಅಲ್ಲ, ಟೀವಿಗೆ ಹೆದರಿಯೂ ಅಲ್ಲ. ತಾವೇ ಟೀವಿಯಲ್ಲಿ ಬಂದದ್ದಕ್ಕೆ.

ದಿನಾ ಬರುತ್ತಿದ್ದ ತಲೆಬುರುಡೆ ನೋಡಿ ನೋಡಿ ಮೂವರಿಗೂ ರೇಗಿಹೋಗಿತ್ತು. ಮೇಷ್ಟ್ರು ಒಂದು ಚಾನೆಲ್ಲಿಗೆ ಫೋನ್ ಮಾಡಿ, "ನಮ್ಮ ಮಾತನ್ನ ಯಾಕೆ ಕೇಳಲ್ಲ ನೀವು?" ಅಂತ ದಬಾಯಿಸಿದರು. "ನಾಳೆ ಸಂಜೆ ಕೆರೆ ಹತ್ತಿರ ಬರ್ತೀವಿ ಸರ್" ಅಂದರು ಅವರು.

ಮೂವರೂ ಮರ್ಯಾದಸ್ಥರ ಹಾಗೆ ಕಾಣಬೇಕು ಅಂತ ಪೀಪಿಗಳನ್ನು ಮನೆಯಲ್ಲೇ ಬಿಟ್ಟು ಹೊರಟರು. ನಮ್ಮವರು ನಾನು ಹೆಣೆದ ಸ್ವೆಟರ್ ಹಾಕಿಕೊಂಡರು. ಹಸಿರು ಮೈ, ಹಳದಿ ಪಟ್ಟೆ, ಎಡಗೈ ತೋಳು ಒಂಚೂರು ಉದ್ದ. ಆಫೀಸಿನವರಿಗೆ ಗೊತ್ತಾದರೆ ಅಂತ ಇವರು ಹಿಂಜರಿದಾಗ, ಮೈಕ್ ಹಿಡಿದ ಹುಡುಗಿ "ಮುಖ ಮಸುಕು ಮಾಡ್ತೀವಿ ಸರ್, ಯಾರಿಗೂ ಗೊತ್ತಾಗಲ್ಲ" ಅಂದಳು.

ನಮ್ಮವರು ಚೆನ್ನಾಗಿ ಮಾತಾಡಿದರು ಕಣ್ರೀ. "ನಾವು ಶೋಕಿಗೆ ಹಿಡಿದೋರಲ್ಲಮ್ಮ. ಸಿಗರೇಟು ಬಿಡಬೇಕು, ಬದುಕಬೇಕು ಅಂತ ಹಿಡಿದೋರು. ಆ ಸೀಸೆಯಲ್ಲಿ ಏನಿದೆ ಅಂತ ನಮಗೆ ತಿಳಿಸಿ ಹೇಳಿ. ಕೆಟ್ಟದ್ದಾದ್ರೆ ಇವತ್ತೇ ಎಸೀತೀವಿ. ಸುಮ್ಮನೆ ಹೆದರಿಸಬೇಡಿ, ಹೆದರಿದೋನು ಮತ್ತೆ ಬೀಡಿ ಅಂಗಡಿಗೇ ಹೋಗ್ತಾನೆ." ಪಕ್ಕದಲ್ಲಿ ನಿಂತಿದ್ದ ನನ್ನ ಕಣ್ಣಲ್ಲಿ ನೀರು ಬಂತು.

ಕ್ಯಾಮೆರಾದವನಿಗೆ ಸಮಾಧಾನವಿಲ್ಲ. "ಮಾತು ಸರಿ ಸರ್, ಸ್ವಲ್ಪ ಹೊಗೆ ಬೇಕಿತ್ತಲ್ಲ."

ಪೀಪಿ ಮನೆಯಲ್ಲಿದೆ ಅಂತ ಇವರು ಹೇಳುವಷ್ಟರಲ್ಲಿ, ಕೆರೆ ಏರಿಯ ಮೇಲೆ ಸೊಳ್ಳೆಗೆ ಹೊಗೆ ಬಿಡುವವನು ಮೆಷಿನ್ ಹೆಗಲಿಗೆ ಹಾಕಿಕೊಂಡು ಬಂದ. ಬರ್ರೋ ಅಂತ ಒಂದು ಸದ್ದು. ಕೆರೆ ಕಾಣಲಿಲ್ಲ, ಬೆಂಚು ಕಾಣಲಿಲ್ಲ, ಗಂಡನೂ ಕಾಣಲಿಲ್ಲ. ಆ ಮೋಡದೊಳಗಿಂದ ಮೂವರೂ ಕೆಮ್ಮುತ್ತಾ, ಕಣ್ಣುಜ್ಜುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಾ ಹೊರಗೆ ಓಡಿ ಬಂದರು. ಕ್ಯಾಮೆರಾದವನು ಒಂದು ಕ್ಷಣವೂ ನಿಲ್ಲಿಸಲಿಲ್ಲ.

ಮಾರನೇ ಸಂಜೆ ನಾನು ಬೋಂಡ ಕರಿದಿದ್ದೆ. ಪಕ್ಕದ ಮನೆ ಆಂಟಿಯನ್ನೂ ಕರೆದಿದ್ದೆ. ಸಾಹೇಬ್ರು, ಮೇಷ್ಟ್ರು, ಅತ್ತೆ, ಎಲ್ಲರೂ ಟೀವಿ ಮುಂದೆ. ಇವರ ಭಾಷಣದ ಒಂದು ಅಕ್ಷರವೂ ಬರಲಿಲ್ಲ. ಬಂದದ್ದು ಬರೀ ಹೊಗೆ. ಅದರೊಳಗಿಂದ ಮೂರು ಮಸುಕು ಮುಖ ಕೆಮ್ಮಿಕೊಂಡು ಹೊರಬಂದವು, ಸುತ್ತ ಕೆಂಪು ವೃತ್ತ. "ಕೆರೆ ದಡದಲ್ಲಿ ಹೊಗೆ ಗ್ಯಾಂಗ್! ಒಂದೇ ದಮ್ಮಿಗೆ ಇಷ್ಟು ಹೊಗೆ! ನೋಡಿ, ಇವರ ಗತಿ ನೋಡಿ!" ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು.

ಸಾಹೇಬ್ರು ಕೈಲಿದ್ದ ಬೋಂಡ ತಟ್ಟೆಗೆ ವಾಪಸ್ ಇಟ್ಟರು. ನಮ್ಮತ್ತೆ ಮಾತ್ರ ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ಮುಖ ಯಾಕೋ ಸರಿಯಾಗಿ ಬರ್ತಿಲ್ಲ, ಟೀವಿ ರಿಪೇರಿಗೆ ಕೊಡ್ಬೇಕು. ಸ್ವೆಟ್ರಂತೂ ನಮ್ಮನೇದೇ."

ಅಷ್ಟರಲ್ಲಿ ಫೋನು. ಬಾಗಲೂರಿನಿಂದ ನನ್ನ ನಾದಿನಿ, ನಮ್ಮವರ ತಂಗಿ. ದನಿ ನಡುಗುತ್ತಿತ್ತು. "ಅತ್ಗೇ, ಟೀವೀಲಿ ಅಣ್ಣನ್ನ ನೋಡ್ದೆ. ಮೊಕ ಕಾಣ್ಲಿಲ್ಲ, ಆ ಉದ್ದದ ತೋಳು ಕಾಣ್ತು. ಇಂಗೂ ಒಗೆ ಬಿಡ್ತಾರಾ ಯಾರಾದ್ರೂ? ಏನಾಗೈತೆ ಅವನ್ಗೆ?"

ನಮ್ಮವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಅದು ಪೀಪಿ ಹೊಗೆ ಅಲ್ಲ ಕಣೇ! ಸೊಳ್ಳೆಗೆ ಹೊಡೆಯೋ ಹೊಗೆ!"

ಆ ಕಡೆ ನಾದಿನಿ ಗೊಳೋ ಅಂತ ಅಳಲು ಶುರುಮಾಡಿದಳು.

"ಅಯ್ಯೋ ನಮ್ಮಣ್ಣಾ! ನೀನು ಸಿಗರೇಟ್ ಬಿಟ್ಟೆ ಅಂತ ನಾನು ಎಲ್ರ ಅತ್ರಾನೂ ಏಳ್ಕೊಂಡ್ ಬಂದೆ. ಈಗ ಸೊಳ್ಳೆ ಔಸ್ದಿ ಸೇದೋಕ್ ಇಡ್ಕೊಂಡ್ಯಾ?"