ಟೀಪಾಯಿಯ ಸತ್ಯಪರೀಕ್ಷೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಷಡ್ಡಕ ಚಹಾದ ಲೋಟವನ್ನು ಟೀಪಾಯಿಯ ಮೇಲಿಟ್ಟ. ಅದರ ಅಂಚನ್ನು ಅಂಗೈಯಲ್ಲಿ ಸವರಿ, "ಭೇಷಾಗಿದೆಯಲ್ಲೋ ತಮ್ಮಾ! ಯಾವ ಅಂಗಡೀದು?" ಎಂದು ಕೇಳಿದ. ಆ ಒಂದು ಪ್ರಶ್ನೆ ಬಾರದೇ ಹೋಗಿದ್ದರೆ ಆ ದಿನವೂ ಎಲ್ಲ ಭಾನುವಾರಗಳ ಹಾಗೆ ಊಟ, ನಿದ್ದೆ, ಆಕಳಿಕೆಯಲ್ಲಿ ಮುಗಿದುಹೋಗುತ್ತಿತ್ತು.

ಕೇಳಿದ್ದು ತಕ್ಕಡಪ್ಪನನ್ನು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷದಿಂದ ತಕ್ಕಡಿಯ ಮುಂದೆ ಕೂತ ಆಸಾಮಿಯನ್ನು ಕೆಳಗಿನ ಮನೆಯ ನಿವೃತ್ತ ಹೆಡ್ಮಾಸ್ಟರು ಒಮ್ಮೆ ಹಾಗೆ ಕರೆದರು. ಹೆಸರು ಅಂಟಿನ ಹಾಗೆ ಹತ್ತಿಕೊಂಡಿತು. ಒಂದು ಗ್ರಾಂ ಹೆಚ್ಚು ಹೇಳಿದವನಲ್ಲ, ಒಂದು ಗ್ರಾಂ ಕಡಿಮೆ ಹೇಳಿದವನಲ್ಲ. ಸುಳ್ಳಾಡುವ ಪ್ರಸಂಗ ಬಂದರೆ ಅವನಿಗೆ ಮಾತಿಗೆ ಮೊದಲೇ ಕೆಮ್ಮು ಬರುತ್ತಿತ್ತು.

ಈಗ ಕೆಮ್ಮು ಬರಲಿಲ್ಲ. "ಅಂಗಡೀದಲ್ಲ ಭಾವ, ನಾನೇ ಮಾಡಿದ್ದು" ಎಂದ.

ಷಡ್ಡಕನಿಗೆ ಚಹಾ ನೆತ್ತಿಗೆ ಹತ್ತಿತು. "ನೀನಾ? ಕ್ಯಾಲೆಂಡರಿಗೆ ಮೊಳೆ ಹೊಡೆಯೋಕೆ ಹೋಗಿ ಪಕ್ಕದ ಮನೆ ಬೆಳಕು ಕಾಣೋ ಹಾಗೆ ಮಾಡಿದೋನು ನೀನಲ್ವಾ?"

ಹೆಂಡತಿ ಅಡುಗೆಮನೆಯಿಂದ ಈಚೆ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ಮೂರು ತಿಂಗಳ ಭಾನುವಾರಗಳಷ್ಟೂ ಅವಳಿಗೆ ಡ್ಯೂಟಿ ಬಿದ್ದಿತ್ತು. ಆ ಭಾನುವಾರಗಳಲ್ಲಿ ತಕ್ಕಡಪ್ಪ ಹಿಂದಿನ ಪಡಸಾಲೆಯ ಬಾಗಿಲು ಹಾಕಿಕೊಂಡು, ಲೈಬ್ರರಿಯಿಂದ ತಂದ ಪುಸ್ತಕವೊಂದನ್ನು ಗೋಡೆಗೆ ಒರಗಿಸಿಕೊಂಡು ಕೊಯ್ದ, ಕೆತ್ತಿದ, ಉಜ್ಜಿದ. ಕೊನೆಗೊಂದು ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಟೀಪಾಯಿ ಅವಳ ಕುರ್ಚಿಯ ಮುಂದಿತ್ತು. ಊದಿದ ಕಾಲುಗಳನ್ನು ಅದರ ಮೇಲೆ ಚಾಚಿ, "ಜೀವ ಬಂತು ರೀ" ಎಂದಿದ್ದಳು. ಆ ಮೂರು ಮಾತನ್ನು ತಕ್ಕಡಪ್ಪ ಪದಕದ ಹಾಗೆ ಎದೆಗೆ ತಗುಲಿಸಿಕೊಂಡು ಓಡಾಡುತ್ತಿದ್ದ.

"ಭಾವ, ಇವರೇ ಮಾಡಿದ್ದು" ಎಂದಳು ಹೆಂಡತಿ.

"ನೀನು ಕಣ್ಣಲ್ಲಿ ನೋಡಿದ್ಯೇನಮ್ಮಾ?"

ಡ್ಯೂಟಿಯಲ್ಲಿದ್ದವಳು ನೋಡುವುದು ಹೇಗೆ? ಅಷ್ಟರಲ್ಲಿ ಬಾಗಿಲಲ್ಲಿ ಎದುರುಮನೆಯ ಟೈಲರಮ್ಮ ಪ್ರತ್ಯಕ್ಷ. ಗೋಡೆಯಾಚೆಯ ಪಿಸುಮಾತನ್ನೂ ಸೂಜಿಗೆ ಪೋಣಿಸಿಕೊಳ್ಳುವ ಹೆಂಗಸು. "ನಾ ಯಾರ ವಿಷಯಕ್ಕೂ ಹೋಗೋಳಲ್ಲ" ಎಂದು ಶುರುಮಾಡಿದಳು. "ಆದ್ರೆ ಮೂರು ತಿಂಗಳ ಹಿಂದೆ ಗಾಡೀಲಿ ಏನೋ ಬಂತು. ಬೆಡ್‌ಶೀಟ್ ಸುತ್ತಿ, ಕದ್ದುಮುಚ್ಚಿ ಮೇಲೆ ತಗೊಂಡು ಹೋದ್ರು. ಕಣ್ಣಾರೆ ಕಂಡಿದ್ದೀನಿ."

"ಅದು ಹಲಗೆ ಅಮ್ಮಾ!" ತಕ್ಕಡಪ್ಪ ಅರಚಿದ. "ಇವಳಿಗೆ ಗೊತ್ತಾಗಬಾರದು ಅಂತ ಸುತ್ತಿದ್ದೆ!"

"ನೋಡಿ, ಗೊತ್ತಾಗಬಾರದು ಅಂತ ಅವರೇ ಒಪ್ಕೊಂಡ್ರು."

ಹೆಂಡತಿಯ ಮುಖ ಕೆಂಪಾಯಿತು. "ಇವತ್ತು ಸಂಜೆ ಐದರೊಳಗೆ ಇವರು ನಿಮ್ಮೆಲ್ಲರ ಎದುರಿಗೆ ಒಂದು ಸ್ಟೂಲು ಮಾಡಿ ತೋರಿಸ್ತಾರೆ!" ಎಂದುಬಿಟ್ಟಳು. "ಮಾಡದೇ ಹೋದ್ರೆ ಅಂಗಡೀದು ಅಂತ ನಾನೇ ಎಲ್ಲರ ಮುಂದೆ ಹೇಳ್ತೀನಿ."

ಒಂದು ಟೀಪಾಯಿಗೆ ಹನ್ನೆರಡು ಭಾನುವಾರ ಹಿಡಿದಿದ್ದ ತಕ್ಕಡಪ್ಪನಿಗೆ ಈಗ ಸಿಕ್ಕಿದ್ದು ಎಂಟು ಗಂಟೆ.

ಹತ್ತು ಗಂಟೆಗೆ ವಠಾರದ ಅಂಗಳದಲ್ಲಿ ಕಣ ಸಿದ್ಧವಾಯಿತು. ಉಳಿದಿದ್ದ ಹಲಗೆ, ಗರಗಸ, ಉಳಿ, ಅಂಟಿನ ಡಬ್ಬಿ ಎಲ್ಲ ಕೆಳಗಿಳಿದವು. ಹೋಲಿಸಿ ನೋಡಲು ಟೀಪಾಯಿಯೂ ಇಳಿಯಿತು. ಹೆಡ್ಮಾಸ್ಟರು ಅದನ್ನೇ ತಮ್ಮ ಮುಂದಿಟ್ಟುಕೊಂಡು, ಮೇಲೆ ಅಲಾರಂ ಗಡಿಯಾರ, ಕಾಗದ, ಪೆನ್ನು ಜೋಡಿಸಿ ತೀರ್ಪುಗಾರರಾದರು. ಯಾರೂ ಅವರನ್ನು ಕರೆದಿರಲಿಲ್ಲ.

"ನಿಯಮ ಒಂದು" ಎಂದು ಓದಿದರು. "ಐದಕ್ಕೆ ಗಂಟೆ ಹೊಡೆದ ಮೇಲೆ ಕೈ ಆಡಿಸುವಂತಿಲ್ಲ. ನಿಯಮ ಎರಡು: ಗುಣಮಟ್ಟ ನೋಡೋಕೆ ಬೀದಿ ಕೊನೇ ಬಡಗಿ ಮೇಸ್ತ್ರಿ ಬರ್ತಾರೆ. ನಿಯಮ ಮೂರು: ಬೇರೆಯವರು ಯಾರೂ ಕೈ ಹಾಕಬಾರದು. ಬಾಯಿ ಹಾಕಬಹುದು."

ಮೂರನೆಯ ನಿಯಮದ ಎರಡನೆಯ ಭಾಗವನ್ನು ವಠಾರ ಚಾಚೂ ತಪ್ಪದೆ ಪಾಲಿಸಿತು. ಗರಗಸ ಹೀಗೆ ಹಿಡಿ, ಹಾಗೆ ಹಿಡಿ, ಉಸಿರು ಬಿಗಿ, ಉಸಿರು ಬಿಡು. ಹೆಡ್ಮಾಸ್ಟರು ಲಂಬಕೋನದ ಪಾಠವನ್ನು ಮೊದಲಿನಿಂದ ಹೇಳಿದರು. ಷಡ್ಡಕ ಹಲಗೆ ಅಲುಗಾಡದಿರಲಿ ಎಂದು ಅದರ ಮೇಲೆ ಕೂತ. "ನಾನು ಕೈ ಹಾಕಿಲ್ಲಪ್ಪ" ಎಂದು ಎರಡೂ ಕೈ ಮೇಲೆತ್ತಿ ತೋರಿಸಿದ.

ಹನ್ನೊಂದೂವರೆಗೆ ತಕ್ಕಡಪ್ಪನ ಬೆನ್ನು ಬೆವರಿನಲ್ಲಿ ತೋಯ್ದು ಎರಡು ಕಾಲು ಕೊಯ್ದಾಗಿತ್ತು. ಇನ್ನೆರಡಕ್ಕೆ ಅಳತೆ ಹಾಕಬೇಕು. ಟೈಲರಮ್ಮನಿಗೆ ಕನಿಕರ ಉಕ್ಕಿತು. "ಟೇಪು ಹಾಕಿದ್ರೆ ಕೈ ಹಾಕಿದ ಹಾಗಾಗಲ್ಲ" ಎನ್ನುತ್ತ ಅವನು ನೀರು ಕುಡಿಯುವಷ್ಟರಲ್ಲಿ ಸೀಮೆಸುಣ್ಣದ ಗೆರೆ ಎಳೆದೇಬಿಟ್ಟಳು. ಅವನು ಗೆರೆ ನೋಡಿ ಕೊಯ್ದ. ನಾಲ್ಕೂ ಕಾಲು ಒಟ್ಟಿಗೆ ನಿಲ್ಲಿಸಿದಾಗ ಎರಡು ನೆಟ್ಟಗಿದ್ದವು, ಎರಡು ಸೊಕ್ಕಿ ತಲೆಯೆತ್ತಿದ್ದವು.

"ಇದೇನಮ್ಮಾ, ಇವು ಒಂದಿಂಚು ಉದ್ದ!"

"ಒಳಮಡಿಕೆಗೆ ಬಿಟ್ಟಿದ್ದೀನಿ" ಎಂದಳು ಟೈಲರಮ್ಮ. "ನಾಳೆ ಬಿಗಿಯಾದ್ರೆ ಬಿಚ್ಕೋಬಹುದು."

ಮತ್ತೆ ಕೊಯ್ಯಬೇಕು. ಹೆಡ್ಮಾಸ್ಟರು "ಈಗ ಗಂಟೆ ಒಂದೂ ಇಪ್ಪತ್ತು!" ಎಂದು ಕೂಗಿದರು. ಕೂಗಿಗೆ ತಕ್ಕಡಪ್ಪ ಬೆಚ್ಚಿದ. ಗರಗಸ ಮರ ಬಿಟ್ಟು ಬೆರಳು ಹಿಡಿಯಿತು.

ರಕ್ತ ಕಂಡೊಡನೆ ಹೆಂಡತಿ ಮನೆಯವಳಾಗಿ ಉಳಿಯಲಿಲ್ಲ, ನರ್ಸಾದಳು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ತೊಳೆದು, ಔಷಧಿ ಹಚ್ಚಿ, ಬ್ಯಾಂಡೇಜು ಸುತ್ತತೊಡಗಿದಳು. ಗಾಯ ಇದ್ದದ್ದು ತೋರುಬೆರಳಿನ ತುದಿಗೆ. ಸುತ್ತು ಮುಗಿಯುವ ಹೊತ್ತಿಗೆ ಅಂಗೈಯೇ ಕಾಣೆಯಾಗಿ ಮಣಿಕಟ್ಟಿನ ತುದಿಗೆ ಒಂದು ಎಲೆಕೋಸು ಕೂತಿತ್ತು.

ಗಂಟು ಹಾಕುತ್ತ ಅವಳು ತಲೆ ತಗ್ಗಿಸಿಯೇ ಕೇಳಿದಳು: "ರೀ, ಕೋಪ ಮಾಡ್ಕೋಬೇಡಿ. ನನ್ ಹತ್ರ ಮಾತ್ರ ನಿಜ ಹೇಳಿ. ನೀವೇ ಮಾಡಿದ್ದು ತಾನೇ?"

ತಕ್ಕಡಪ್ಪನಿಗೆ ಗರಗಸ ತಾಗಿದಾಗ ಆಗದ ನೋವು ಈಗ ಆಯಿತು. "ನಾನೇ" ಎಂದ.

"ಸರಿ ಹಾಗಾದ್ರೆ" ಎಂದಳು. ಆದರೆ ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು.

ಅಲ್ಲಿಂದ ಮುಂದೆ ಅವನಿಗೆ ಷಡ್ಡಕ, ಟೈಲರಮ್ಮ, ಹೆಡ್ಮಾಸ್ಟರು ಯಾರೂ ಕಣ್ಣಿಗೆ ಬೀಳಲಿಲ್ಲ. ಮೆಟ್ಟಿಲ ಮೇಲೆ ಕೆನ್ನೆಗೆ ಕೈಕೊಟ್ಟು ಕೂತವಳೊಬ್ಬಳೇ ಕಂಡಳು. ಸ್ಟೂಲು ನಿಲ್ಲಲೇಬೇಕು.

ಕಷ್ಟದ ಕೆಲಸ ಇನ್ನೂ ಬಾಕಿಯಿತ್ತು. ಕೂರುವ ಹಲಗೆಯಲ್ಲಿ ನಾಲ್ಕು ತೂತು ಕೊರೆದು, ಪ್ರತಿ ಕಾಲಿನ ತುದಿಯನ್ನೂ ನಾಲಿಗೆಯಂತೆ ಕೆತ್ತಿ ತೂತಿನಲ್ಲಿ ಕೂರಿಸಬೇಕು. ತೂತು, ನಾಲಿಗೆ ಎರಡೂ ಬಿಗಿಯಾಗಿ ಕಚ್ಚಿಕೊಂಡರೆ ಮಾತ್ರ ಸ್ಟೂಲು. ಎಲೆಕೋಸಿನಂಥ ಕೈಯಲ್ಲಿ ಉಳಿ ಹಿಡಿದರೆ ಅದು ಹೇಳಿದ ಮಾತು ಕೇಳುತ್ತದೆಯೇ? ಒಂದು ಏಟಿಗೆ ಒಂದು ಕಡೆ ಸಿಗಿಯಿತು, ಸರಿಮಾಡಲು ಹೋದರೆ ಇನ್ನೊಂದು ಕಡೆ. ನಾಲ್ಕು ಗಂಟೆಗೆ ಕಾಲು ತೂರಿಸಿ ನೋಡಿದ. ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಕಾಲು ತೂತಿನೊಳಗೆ ಸಡಿಲವಾಗಿ ಆಡಿತು. ನಾಲ್ಕೂ ಅದೇ ಕತೆ.

"ಇನ್ನು ಐವತ್ತೈದು ನಿಮಿಷ!"

ಅಷ್ಟರಲ್ಲಿ ಟೈಲರಮ್ಮ ಎಲ್ಲರಿಗೂ ಚಹಾ ತಂದಳು. ವಠಾರದ ಕಣ್ಣುಗಳೆಲ್ಲ ಲೋಟದತ್ತ ತಿರುಗಿದವು. ತಕ್ಕಡಪ್ಪ ಮಾತ್ರ ಗೋಡೆಯ ಕಡೆ ತಿರುಗಿದ. ಅವನ ಜೇಬಿನಲ್ಲಿ ಸದಾ ಒಂದು ದಾರದ ಉಂಡೆ ಇರುತ್ತಿತ್ತು. ಬಿಚ್ಚಿಬಿದ್ದ ಪಾರ್ಸೆಲ್ಲುಗಳ ತುಂಡು ದಾರ, ಅಲ್ಲಲ್ಲಿ ಕೆಂಪು ಅರಗು ಹತ್ತಿದ್ದು. ಅದನ್ನು ಅಂಟಿನಲ್ಲಿ ಅದ್ದಿ ಕಾಲಿನ ನಾಲಿಗೆಗೆ ಸುತ್ತಿದ. ಹಳೇ ದಾರಿ ಸಿಕ್ಕಿದ ಕುದುರೆಯ ಹಾಗೆ ಕೈ ತಾನಾಗಿ ಓಡಿತು. ನಾಲ್ಕೂ ಕಾಲುಗಳನ್ನು ತೂತಿಗೆ ತುರುಕಿ, ಬಡಿದು, ಮೇಲೆ ಮರದ ಪುಡಿ ಮೆತ್ತಿ ಉಜ್ಜಿದ. ಯಾರೂ ನೋಡಿರಲಿಲ್ಲ.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಸ್ಟೂಲು ನೆಲದ ಮೇಲೆ ನಿಂತಿತು. ಅಲುಗಲಿಲ್ಲ. ಹೆಡ್ಮಾಸ್ಟರು ತುಂಬಿದ ನೀರಿನ ಲೋಟ ತಂದು ಮೇಲಿಟ್ಟರು. ಒಂದು ಹನಿ ಚೆಲ್ಲಲಿಲ್ಲ. ವಠಾರ ಚಪ್ಪಾಳೆ ತಟ್ಟಿತು. ಷಡ್ಡಕನ ಮುಖ ಆರಿದ ಚಹಾದ ಮೇಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಮೆಟ್ಟಿಲ ಮೇಲಿನವಳು ಎದ್ದು ನಿಂತಳು, ನಕ್ಕಳು. ತಕ್ಕಡಪ್ಪನಿಗೆ ಬೆಳಗಿನಿಂದ ಅದೇ ಮೊದಲ ಪೂರ್ತಿ ಉಸಿರು.

ಆಗ ಮೇಸ್ತ್ರಿ ಬಂದರು. ಒಣಗಿದ ಮುದುಕರು. ಮಾತು ಕಡಿಮೆ. ಸ್ಟೂಲಿನ ಮೇಲೆ ಕೂರಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಒಂದೊಂದೇ ಕಾಲು ತಟ್ಟಿ, ಕಿವಿಗೊಟ್ಟು ಕೇಳಿದರು. ಮೂರನೆಯ ಕಾಲಿಗೆ ಹುಬ್ಬು ಗಂಟಿಕ್ಕಿ, ಹಿಡಿದು, ಒಮ್ಮೆ ತಿರುವಿ ಎಳೆದರು. ಕಾಲು ಕೈಗೆ ಬಂತು. ಹಿಂದೆಯೇ ಹಸಿ ಅಂಟು ಸುರಿಸುತ್ತ ಒಂದು ಮೊಳ ದಾರ.



"ನೋಡಿದ್ರಾ! ನೋಡಿದ್ರಾ!" ಷಡ್ಡಕ ಹಾರಿ ನಿಂತ. "ದಾರ ಸುತ್ತಿ ನಿಲ್ಸಿದ್ದಾನೆ! ಒಂದು ಕಾಲು ಕೂರಿಸೋಕೆ ಬಾರದೋನು ಅಂಥಾ ಟೀಪಾಯಿ ಮಾಡಿದ್ನಂತೆ!"

"ಬೆಡ್‌ಶೀಟಿನ ವಿಷಯ ನಾನು ಮೊದಲೇ ಹೇಳಿದ್ದೆ" ಎಂದಳು ಟೈಲರಮ್ಮ.

ಹೆಡ್ಮಾಸ್ಟರು ಪೆನ್ನಿನ ಟೋಪಿ ತೆಗೆದರು. "ತೀರ್ಪು ಬರೀತಿದ್ದೀನಿ. ಸದರಿ ಟೀಪಾಯಿ ಅಂಗಡಿಯಿಂದ ತಂದದ್ದು..."

ತಕ್ಕಡಪ್ಪ ಹೆಂಡತಿಯ ಕಡೆ ನೋಡಿದ. ಅವಳು ಸ್ಟೂಲನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು, ಜ್ವರದ ಕಡ್ಡಿಯಲ್ಲಿ ಪಾದರಸ ಎಷ್ಟು ಏರಿದೆ ಎಂದು ನೋಡುವ ಹಾಗೆ. ಮೆಲ್ಲನೆ ತಿರುಗಿ ಒಂದು ಮೆಟ್ಟಿಲು ಹತ್ತಿದಳು. ಮತ್ತೊಂದು.

"ಬರೀಬೇಡಿ ಸಾರ್!" ಅವನು ಕೂಗಿಕೊಂಡ. "ಮೇಸ್ತ್ರೀ, ಆ ಟೀಪಾಯಿ ಕಾಲೂ ಒಂದ್ಸಲ ಎಳೀರಿ."

ಹೆಂಡತಿ ನಿಂತಳು.

ಗಡಿಯಾರ, ಕಾಗದ ಎಲ್ಲ ಕೆಳಗಿಳಿಸಿ ಮೇಸ್ತ್ರಿ ಟೀಪಾಯಿಯನ್ನು ಮಗುಚಿದರು. "ಅಂಟು ಒಣಗಿ ಹಿಡ್ಕೊಂಡಿದೆ. ಕಿತ್ತರೆ ಹಾಳಾಗುತ್ತೆ ಸ್ವಾಮಿ."

"ಗೊತ್ತು. ಎಳೀರಿ."

ಹೇಳಿ ಅವನು ಕಣ್ಣು ಮುಚ್ಚಿಕೊಂಡ. ಮೇಸ್ತ್ರಿ ಮೊಣಕಾಲು ಊರಿ ತಿರುವಿದರು. ಮರ ಸಿಗಿದ ಸದ್ದು ಅವನಿಗೆ ಹಲ್ಲು ಕೀಳಿಸಿಕೊಂಡ ಹಾಗೆ ತಲೆಯೊಳಗೇ ಕೇಳಿಸಿತು. ಕಣ್ಣು ತೆರೆದಾಗ ಕಾಲು ಮೇಸ್ತ್ರಿಯ ಕೈಯಲ್ಲಿತ್ತು. ಅದರ ನಾಲಿಗೆಯ ಸುತ್ತ ಗಟ್ಟಿಯಾದ ದಾರ, ದಾರದ ಮೇಲೆ ಕೆಂಪು ಅರಗಿನ ಚುಕ್ಕೆ.

"ಪಾರ್ಸೆಲ್ ಅರಗು" ಎಂದರು ಹೆಡ್ಮಾಸ್ಟರು, ಕನ್ನಡಕ ಏರಿಸಿ.

ಷಡ್ಡಕ ಅಷ್ಟಕ್ಕೇ ಬಿಡುವವನಲ್ಲ. "ಅಂಗಡೀಲಿ ತಂದಮೇಲೆ ಒಂದು ಕಾಲು ಸಡಿಲವಾಗಿ ಇವನೇ ರಿಪೇರಿ ಮಾಡಿರಬಹುದಲ್ಲ?"

"ನ್ಯಾಯವಾದ ಪ್ರಶ್ನೆ" ಎಂದರು ಹೆಡ್ಮಾಸ್ಟರು. "ಪರೀಕ್ಷೆ ಅಂದ್ಮೇಲೆ ಪೂರ್ತಿ ಆಗಬೇಕು."

ಎರಡನೆಯದು ಬಂತು. ಮೂರನೆಯದು ಬಂತು. ನಾಲ್ಕನೆಯದು ಬರುವಾಗ ಮೇಲಿನ ಹಲಗೆಯೂ ಉದ್ದಕ್ಕೆ ಸೀಳಿತು. ಎಲ್ಲದರಲ್ಲೂ ದಾರ, ಎಲ್ಲದರಲ್ಲೂ ಅರಗು.

ಮೇಸ್ತ್ರಿ ನಾಲ್ಕೂ ಕಾಲುಗಳನ್ನು ಸಾಲಾಗಿ ಮಲಗಿಸಿ, ಕೈ ಒರೆಸಿಕೊಂಡು ಎದ್ದರು. "ಎರಡೂ ಒಂದೇ ಕೈ. ಅನುಮಾನವೇ ಬೇಡ. ನಲವತ್ತು ವರ್ಷದಲ್ಲಿ ಇಂಥ ಕೆಲಸ ಬೇರೆ ಯಾರೂ ಮಾಡಿದ್ದು ನಾ ಕಂಡಿಲ್ಲ."

ಷಡ್ಡಕ ಓಡಿಬಂದು ತಕ್ಕಡಪ್ಪನನ್ನು ತಬ್ಬಿಕೊಂಡ. "ತಪ್ಪಾಯ್ತು ತಮ್ಮಾ! ಇಷ್ಟು ಕೆಟ್ಟದಾಗಿ ಮಾಡಿ ಯಾವ ಅಂಗಡಿಯೋನೂ ಮಾರಲ್ಲ. ಇದು ನಿಂದೇ!"

"ನಾ ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ, ಇವರದೇ ಅಂತ!" ಹೆಂಡತಿ ಧಡಧಡ ಮೆಟ್ಟಿಲಿಳಿದು ಬಂದು, ಒಂದು ಕಾಲನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಅವಳ ಕಣ್ಣು ತುಂಬಿತ್ತು. ತಕ್ಕಡಪ್ಪನ ಕಣ್ಣೂ ತುಂಬಿತ್ತು. ಅವನದು ಬೇರೆ ಕಾರಣಕ್ಕೆ.

"ಮೇಸ್ತ್ರೀ, ಇದನ್ನ ಮತ್ತೆ ಜೋಡಿಸಬಹುದಾ?" ಎಂದು ಮೆಲ್ಲಗೆ ಕೇಳಿದ.

ಮೇಸ್ತ್ರಿ ಸೀಳಿದ ಹಲಗೆಯನ್ನು ಒಮ್ಮೆ ನೋಡಿದರು. "ಒಳ್ಳೇ ಒಣ ಸೌದೆ" ಎಂದು ಹೇಳಿ ಹೊರಟುಹೋದರು.

ಹೆಡ್ಮಾಸ್ಟರಿಗೆ ಮಾತ್ರ ಇನ್ನೂ ತೃಪ್ತಿಯಾಗಿರಲಿಲ್ಲ. ನಾಳೆ ಇನ್ನೊಬ್ಬ ಬಂದು ಅನುಮಾನಪಟ್ಟರೆ? ಎಲ್ಲಕ್ಕೂ ಲಿಖಿತ ದಾಖಲೆ ಇರಬೇಕು. 'ಈ ಟೀಪಾಯಿಯನ್ನು ಸದರಿಯವರೇ ಸ್ವಹಸ್ತದಿಂದ ತಯಾರಿಸಿದರೆಂದು ಕೆಳಗೆ ಸಹಿ ಮಾಡಿದ ನಾವು ಪ್ರಮಾಣೀಕರಿಸುತ್ತೇವೆ' ಎಂದು ಬಾಯಲ್ಲಿ ಹೇಳಿಕೊಂಡು, ಬರೆಯಲು ಕಾಗದವನ್ನು ಮುಂದಿಟ್ಟರು. ಕಾಗದ ಪಟಪಟ ನೆಲಕ್ಕೆ ಬಿತ್ತು. ಮುಂದೆ ಮೇಜಿರಲಿಲ್ಲ.

ಸುತ್ತ ನೋಡಿದರು. "ತಕ್ಕಡಪ್ಪಾ, ಸ್ವಲ್ಪ ಬಗ್ಗು."

ಅವನು ಬಗ್ಗಿದ, ಎರಡೂ ಕೈ ಮೊಣಕಾಲ ಮೇಲೂರಿ. ಬೆನ್ನ ಮೇಲೆ ಕಾಗದ ಹರಡಿ ಹೆಡ್ಮಾಸ್ಟರು ದುಂಡಗೆ ಬರೆದರು. ಟೈಲರಮ್ಮ ಪೆನ್ನು ಒತ್ತಿ ಒತ್ತಿ ಸಹಿ ಮಾಡಿದಳು. ಸಾಲು ಬೆಳೆಯಿತು. ಕೊನೆಗೆ ಷಡ್ಡಕ ಬಂದು, ಕೈಯಲ್ಲಿದ್ದ ಎರಡನೇ ಸುತ್ತಿನ ಚಹಾದ ಲೋಟವನ್ನೂ ಅಲ್ಲೇ ಇಟ್ಟು ಪೆನ್ನು ತೆಗೆದುಕೊಂಡ. ಬಿಸಿಗೆ ತಕ್ಕಡಪ್ಪ ಮಿಸುಕಿದ.

"ಅಲುಗಾಡಬೇಡ ತಮ್ಮಾ" ಎಂದ ಷಡ್ಡಕ. "ನೀ ಮಾಡಿದ ಟೀಪಾಯೇ ಇದಕ್ಕಿಂತ ಗಟ್ಟಿಯಾಗಿತ್ತು."