ಬರೆದುಕೊಡಲಾಗದ ಒಂದು ಸಾಲು

ಭವಿಷ್ಯ ಹೇಳುವುದು ನನ್ನ ಕೈಲಾಗದ ಕೆಲಸ. ಇದನ್ನು ನಾನು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು. ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದವರು ಬರುವ ವರ್ಷ ತೊಗರಿಯ ದರ ಏನಾಗುತ್ತದೆಂದು ಹೇಳುತ್ತಾರೆ, ಸಮಾಜಶಾಸ್ತ್ರದವರು ಇನ್ನಿಪ್ಪತ್ತು ವರ್ಷಕ್ಕೆ ಹಳ್ಳಿಗಳು ಹೇಗಿರುತ್ತವೆಂದು ಹೇಳುತ್ತಾರೆ. ಇಬ್ಬರ ಮಾತೂ ನಿಜವಾದದ್ದನ್ನು ನಾನು ಕಂಡಿಲ್ಲ. ಆದರೂ ಜನ ದಾರಿಯಲ್ಲಿ ನಿಲ್ಲಿಸಿ ಕೇಳುವುದು ಅವರನ್ನೇ. ನಾನೋ, 'ದಾಖಲೆ ಇಲ್ಲದ ಮಾತು ನಂಬಬೇಡಿ' ಎಂದು ಮಕ್ಕಳಿಗೆ ಬೋಧಿಸುತ್ತ, ಆಗಿಹೋದದ್ದರ ಬಗ್ಗೆಯೇ ಮಾತಾಡುತ್ತ ನೆಮ್ಮದಿಯಾಗಿ ಕಾಲ ಹಾಕಿದೆ. ಸತ್ತ ಅರಸರು ಎದ್ದು ಬಂದು ಜಗಳ ತೆಗೆಯುವುದಿಲ್ಲವಲ್ಲ!

ಈ ವರ್ಷ ಆ ನೆಮ್ಮದಿಗೆ ಸಂಚಕಾರ ಬಂತು. ಹತ್ತು ಮಕ್ಕಳಾದರೂ ಸೇರದಿದ್ದರೆ ಇತಿಹಾಸ ವಿಭಾಗ ಮುಚ್ಚಬೇಕಾಗುತ್ತದೆಂದು ಪ್ರಾಚಾರ್ಯರು ಕರೆದು ಹೇಳಿದರು. ಸೇರಿದ್ದವರು ಒಂಬತ್ತು. ಪ್ರವೇಶದ ದಿನಗಳಲ್ಲಿ ಅಧ್ಯಾಪಕರೇ ಅರ್ಜಿ ಹಿಡಿದು ಹಳ್ಳಿ ಹಳ್ಳಿ, ಮನೆ ಮನೆ ತಿರುಗುವುದು ನಮ್ಮಲ್ಲಿ ವಾಡಿಕೆ. ನಾನೂ ಅರ್ಜಿಯ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಮೋರಖಂಡಿಗೆ ಹೋದೆ. ಅಲ್ಲಿ ಸುಜಾತಾ ಎಂಬ ಹುಡುಗಿ ಪಿಯುಸಿ ಪಾಸಾಗಿದ್ದಾಳೆಂದು ಸುದ್ದಿಯಿತ್ತು.

ಸುಜಾತಾಳ ತಾಯಿ ಆಗತಾನೇ ಕೂಲಿ ಮುಗಿಸಿ ಹೊಲದಿಂದ ಬಂದಿದ್ದರು. ಅಂಗಳದಲ್ಲಿ ಹೊರಸು ಹಾಕಿ, "ಕೂಡ್ರಿ ಸರ್" ಎಂದರು. ಮಗಳು ಚಹಾ ತಂದಳು. ನಾನು ಹುರುಪಿನಿಂದ ಶುರು ಮಾಡಿದೆ: ಹಿಂದಿನದು ತಿಳಿದವರಿಗೆ ಮುಂದಿನ ದಾರಿ ಕಾಣುತ್ತದೆ, ಮನುಷ್ಯನನ್ನು ಅರಿಯುವ ವಿದ್ಯೆಗಳಿಗೆಲ್ಲ ಇತಿಹಾಸವೇ ಬುನಾದಿ...

"ಹಿಂದಿಂದು ನಮಗ ಗೊತ್ತದ್ರಿ ಸರ್," ಎಂದರು ತಾಯಿ. "ನಾವೇ ಅನುಭವಿಸೇವಿ. ಮುಂದ ಏನಾಗ್ತದ, ಅದು ಹೇಳ್ರಿ."

ಹತ್ತನೆಯ ಹೆಸರಿನ ಆಸೆಗೆ ನನ್ನ ಜನ್ಮದ ವ್ರತ ಕೆಟ್ಟಿತು. "ಮೂರು ವರ್ಷ ಓದ್ಲಿ ಅಕ್ಕಾ. ಪರೀಕ್ಷಾ ಬರದು ಆಫೀಸರ್ ಆಗಿ ಕುರ್ಚಿ ಮ್ಯಾಲ ಕೂಡ್ತಾಳ, ನೋಡ್ತಿರ್ರಿ!"

ತಾಯಿ ಮಗಳ ಮುಖ ನೋಡಿದರು. ಮಗಳು ನೆಲ ನೋಡಿದಳು.

"ಇದೇ ಮಾತು ಆವಾಗೂ ಹೇಳಿದ್ರಿ ಸರ್, ಇದೇ ಹೊರಸಿನ ಮ್ಯಾಲ ಕುಂತು. ನಮ್ಮ ಹಿರೀಮಗಳು ಮಾಯಾ ನಿಮ್ಮ ಕಡೇನೇ ಇತಿಹಾಸ ಓದ್ಯಾಳ. ಈಗ ಹುಮನಾಬಾದದಾಗ ಬಟ್ಟಿ ಅಂಗಡ್ಯಾಗ ಸೀರಿ ತೋರಸಾಕತ್ತಾಳ. ಹೋದ ದೀಪಾವಳಿಗಿ ನೀವು ಮನಿಯವ್ರನ್ನ ಕರ್ಕೊಂಡು ಹೋಗಿದ್ರಂತ. ಆಕಿನೇ ಸೀರಿ ಬಿಚ್ಚಿ ತೋರ್ಸಿದಳಂತ. ನೀವು ಗುರ್ತು ಹಿಡೀಲಿಲ್ಲಂತ."

ಚಹಾದ ಕಪ್ಪು ಕೆಳಗಿಟ್ಟೆ. ಶಾಸನಗಳಲ್ಲಿ ಸವೆದ ಅಕ್ಷರವನ್ನೂ ಓದಬಲ್ಲೆನೆಂದು ಬೀಗುವವನಿಗೆ, ಹಿಂದೊಮ್ಮೆ ಇದೇ ಅಂಗಳಕ್ಕೆ ಬಂದದ್ದಾಗಲಿ, ಮೂರು ವರ್ಷ ಎದುರಿಗೆ ಕೂತು ಪಾಠ ಕೇಳಿದ ಹುಡುಗಿಯ ಮುಖವಾಗಲಿ ನೆನಪಾಗಲಿಲ್ಲ. ಅಂದು ರಾಶಿ ಸೀರೆ ಬಿಚ್ಚಿಸಿ, ಒಂದರ ಅಂಚೂ ಸರಿಯಿಲ್ಲವೆಂದು ಗೊಣಗಿದ್ದು ಮಾತ್ರ ಚೆನ್ನಾಗಿ ನೆನಪಾಯಿತು. ನಾಚಿಕೆಯಿಂದ ಸತ್ತಂತಾಯಿತು.

ತಾಯಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ನಾ ಬ್ಯಾಡ ಅನ್ನಂಗಿಲ್ರಿ. ಆದ್ರ ಈ ಸಲ ಬರದು ಕೊಡ್ರಿ. ಇದನ್ನ ಓದಿದ್ರ ಸುಜಾತಾ ಏನಾಗ್ತಾಳ ಅಂತ ಒಂದು ಸಾಲು ಬರದು ಸಹಿ ಮಾಡ್ರಿ. ದಾಖಲಿ ಇಲ್ಲದ ಮಾತು ನಂಬಬಾರ್ದು ಅಂತ ಸರೇ ಕಲಿಸ್ಯಾರ ಅಂತಾಳ ಮಾಯಾ."

ನನ್ನ ಪಾಠವನ್ನು ಬದುಕಿಗೆ ಹಚ್ಚಿಕೊಂಡ ಒಬ್ಬಳೇ ವಿದ್ಯಾರ್ಥಿನಿ! ಸುಜಾತಾ ಅರ್ಜಿಯೊಂದನ್ನು ಬೋರಲು ಹಾಕಿ, ಅದರ ಖಾಲಿ ಬೆನ್ನನ್ನು ನನ್ನ ಮುಂದೆ ಇಟ್ಟಳು. ಪೆನ್ನು ತೆಗೆದು 'ಸುಜಾತಾ' ಎಂದು ಬರೆದೆ. ಮುಂದಿನ ಪದ ಬರಲಿಲ್ಲ. ಸುಳ್ಳು ಆಡಿದಷ್ಟು ಸಲೀಸಾಗಿ ಬರೆಯಲು ಆಗುವುದಿಲ್ಲವೆಂದು ಆ ಹೊರಸಿನ ಮೇಲೆ ಕೂತು ಕಲಿತೆ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದೆ. "ಚಹಾ ಆರಾಕತ್ತದ್ರಿ, ಕುಡದು ಹೋಗ್ರಿ," ಎಂದರು ತಾಯಿ.

ವಿಭಾಗ ಮುಚ್ಚಿತು. ಒಂಬತ್ತು ಮಕ್ಕಳನ್ನು ಬೇರೆ ವಿಷಯಗಳಿಗೆ ಹಂಚಿದರು. ನನ್ನನ್ನು ಲೈಬ್ರರಿಯ ಹಳೆಯ ಪುಸ್ತಕಗಳ ಪಟ್ಟಿ ಮಾಡಲು ಕೂರಿಸಿದ್ದಾರೆ. ಸಂಜೆ ಹುಮನಾಬಾದಿನಲ್ಲಿ ಬಸ್ಸಿಳಿದರೆ ಮನೆಗೆ ಹತ್ತಿರದ ದಾರಿ ಆ ಬಟ್ಟೆ ಅಂಗಡಿಯ ಮುಂದೆಯೇ ಇದೆ. ನಾನು ಹಿಂದಿನ ಗಲ್ಲಿ ಹಿಡಿದು ಸುತ್ತಿ ಹೋಗುತ್ತೇನೆ. ಹೆಂಡತಿ ಮಾತ್ರ, "ಈ ದೀಪಾವಳಿಗೂ ಅಲ್ಲೇ ಹೋಗೋಣ್ರಿ, ಆ ಹುಡುಗಿ ಭಾಳ ಸಮಾಧಾನದಾಕಿ" ಎಂದು ಈಗಲೇ ಹೇಳಿಟ್ಟಿದ್ದಾಳೆ. ಮುಂದೆ ಏನಾಗುತ್ತದೆಂದು ನನಗೆ ಖಾತ್ರಿಯಾಗಿ ಗೊತ್ತಿರುವುದು ಇದೊಂದೇ. ಈ ಸಲ ನಾನು ಮಾಯಾಳ ಗುರುತು ಹಿಡಿಯುತ್ತೇನೆ; ಅವಳು ನನ್ನನ್ನು ಮರೆತಿದ್ದರೆ ಸಾಕು.